ಜಿರೇನ್ ರಸ

೧೮ ನವೆಂಬರ್ ೧೯೭೩, ಕಲ್ಕತ್ತಾ

ಸೊಸೆ ಇವತ್ತು ಬಜಾರಿನಿಂದ ತರಕಾರಿ ಚೀಲ ತಂದಳು, ಮಗುವನ್ನು ತರಲಿಲ್ಲ.

ಎಂಟಕ್ಕೆ ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಪಕ್ಕದ ಬಜಾರಿಗೆ ಹೋದವಳು ಒಂಬತ್ತಕ್ಕೆ ಬಂದಳು. ಅಡುಗೆಮನೆಯಲ್ಲಿ ಕೂತು ಮೂಲಂಗಿಯನ್ನು ಒಂದೊಂದಾಗಿ ತೆಗೆದು ನೆಲದ ಮೇಲೆ ಸಾಲಾಗಿ ಜೋಡಿಸತೊಡಗಿದಳು. ಕಂಕುಳು ಖಾಲಿ.

"ಜಯಂತೀ, ಕೂಸ್ ಎಲ್ಲಿತ್ತ್?"

ತಲೆ ಎತ್ತಲಿಲ್ಲ. "ಸ್ಟೇಷನ್ನಿನ್ ಬೆಂಚಿನ್ ಮೇಲೆ."

ಅರವತ್ತೆರಡು ವರ್ಷದ ಈ ಕಾಲಿನಲ್ಲಿ ನಾನು ಓಡಿದೆ. ಹಿಂದೆ ಮಗ ರಮಾನಾಥ, ಬನಿಯನ್ನಿನಲ್ಲೇ. ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಮೀನು ಮಾರುವ ಹೆಂಗಸೊಬ್ಬಳು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಿಮ್ಮಿಂದಾಗಿ ಎರಡು ಲೋಕಲ್ ರೈಲು ಬಿಟ್ಟೆ, ನನ್ನ ಮೀನು ಕೆಡುತ್ತಿದೆ ಎಂದು ಬಂಗಾಲಿಯಲ್ಲಿ ಹಿಗ್ಗಾಮುಗ್ಗಾ ಬೈದಳು. ಬೈದು ಮುಗಿದ ಮೇಲೆ ಕೂಸಿನ ತಲೆಗೆ ಬಟ್ಟೆ ಸರಿಯಾಗಿ ಸುತ್ತಿ ನನ್ನ ಕೈಗೆ ಕೊಟ್ಟಳು. ರಮಾನಾಥ ಎರಡು ರೂಪಾಯಿ ಚಾಚಿದ. ಅದನ್ನು ಅವನ ಕಾಲ ಬಳಿ ಎಸೆದು ಬುಟ್ಟಿ ಹೊತ್ತುಕೊಂಡು ಹೋದಳು.

ಕೂಸಿನ ಹೆಸರು ಕೋಕಿಲಾ, ಕೂಗುವುದು ಕಾಗೆಯ ಹಾಗೆ. ಇವತ್ತು ಕೂಗಲಿಲ್ಲ. ಐದು ತಿಂಗಳಿನ ಕೂಸು, ಏನು ತಿಳಿದೀತು.

ಮರೆತುಹೋಗಿರಬೇಕು ಎನ್ನುತ್ತಾನೆ ಮಗ. ಜನ ಕೊಡೆ ಮರೆಯುತ್ತಾರೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು, ಬುದ್ಧಿ ಕಡಿಮೆ ಇರಬಹುದು. ಕೂಸನ್ನು ಮರೆತುಬಂದ ತಾಯಿಯನ್ನು ಮಾತ್ರ ನಾನು ಕಂಡದ್ದಿಲ್ಲ.

೨೦ ನವೆಂಬರ್

ಡಾಕ್ಟರಮ್ಮ ಬಂದಿದ್ದಳು. ಬಂಗಾಲಿ ಹೆಂಗಸು, ಕೈಗೆ ಗಂಡಸಿನ ವಾಚು. ರಮಾನಾಥ ಬಿಬಿಡಿ ಬಾಗಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ, ಮನೆಯಲ್ಲಿದ್ದದ್ದು ನಾನೊಬ್ಬನೇ. ಬಹಳ ಹೊತ್ತು ಜಯಂತಿಯ ಹತ್ತಿರ ಕೂತಿದ್ದು, ಆಮೇಲೆ ಪರದೆ ಸರಿಸಿ ಈಚೆ ಬಂದು ಹಿಂದಿಯಲ್ಲಿ ಹೇಳಿದಳು: ಹೆತ್ತ ಮೇಲೆ ಕೆಲವರಿಗೆ ಮನಸ್ಸು ಹೀಗೆ ಕುಸಿಯುತ್ತದೆ. ಒಂದು ತಿಂಗಳು ಇವಳನ್ನು ನಿದ್ರೆ ಮಾಡಲು ಬಿಡಿ. ಅಲ್ಲಿಯವರೆಗೆ ಮಗುವನ್ನು ಬೇರೆ ಯಾರಾದರೂ ನೋಡಿಕೊಳ್ಳಿ. ಸಾಧ್ಯವಾದರೆ ನಾಲ್ಕು ದಿನ ಸಮುದ್ರದ ಗಾಳಿಗೆ ಕರೆದುಕೊಂಡು ಹೋಗಿ.

ಸಂಜೆ ರಮಾನಾಥನಿಗೆ ಸಮುದ್ರದ ಗಾಳಿಯ ಮಾತು ಹೇಳಿದೆ. ನಿದ್ರೆಯ ಮಾತು ಹೇಳಲಿಲ್ಲ. ಅದರಲ್ಲಿ ಹೇಳುವಂಥದ್ದೇನಿದೆ?

ಮೂವತ್ತೈದು ವರ್ಷ ಕುಂದಾಪುರದ ಕಡೆ ತೆಂಗಿನ ಮರ ಹತ್ತಿ ಕಳ್ಳು ಇಳಿಸಿದವನು ನಾನು. ಹೊಂಬಾಳೆಯ ತುದಿಯನ್ನು ದಿನಕ್ಕೆ ಎರಡು ಹೊತ್ತು ಕೆತ್ತಬೇಕು. ಹಬ್ಬ ಬರಲಿ, ಜ್ವರ ಬರಲಿ, ಕೆತ್ತಬೇಕು. ಅಪ್ಪ ಸತ್ತ ದಿನ ಸುಡುಗಾಡಿನಿಂದ ನೇರ ಮರದ ಬುಡಕ್ಕೆ ಹೋಗಿದ್ದೆ. ಒಂದು ದಿನ ಬಿಟ್ಟರೆ ಅದರ ಬಾಯಿ ಕಟ್ಟುತ್ತದೆ, ಆಮೇಲೆ ಎಷ್ಟು ಬಡಿದರೂ ಹನಿ ಬೀಳುವುದಿಲ್ಲ. ಬಾಣಂತಿಯ ಮೈಯೂ ಹಾಗೆಯೇ. ಹಾಲೂ ಹಾಗೆ, ಕೆಲಸವೂ ಹಾಗೆ. ಗುಲಾಬಿ ಬದುಕಿದ್ದರೆ ಇದನ್ನೆಲ್ಲ ಅವಳೇ ನೋಡಿಕೊಳ್ಳುತ್ತಿದ್ದಳು. ಹೆಂಡತಿ ಸತ್ತವನ ತಲೆಗೆ ಬಾಣಂತಿಯ ಜವಾಬ್ದಾರಿ ಬಿದ್ದಿದೆ. ಅದಕ್ಕೇ ಬೆಳಗ್ಗೆ ನಾಲ್ಕೂವರೆಗೆ ಗೋಡೆ ಬಡಿದು ಎಬ್ಬಿಸುತ್ತೇನೆ, ಹಗಲು ತಲೆ ಊರಲು ಬಿಡುವುದಿಲ್ಲ. ನಾನಿಲ್ಲದಿದ್ದರೆ ಇಷ್ಟು ಹೊತ್ತಿಗೆ ಪೂರ್ತಿ ಬತ್ತಿಹೋಗುತ್ತಿದ್ದಳು.

೨ ಡಿಸೆಂಬರ್

ಎಲ್ಲಿಗೆ ಹೋಗುವುದೆಂದು ಇವತ್ತು ಮಾತಾಯಿತು.

"ಪುರಿಗೆ ಹೋಪ" ಎಂದ ರಮಾನಾಥ.

"ಹೋಟ್ಲಿನ್ ಬಾಡಿಗೆ ಯಾರ್ ಅಪ್ಪ ಕೊಡ್ತ?"

"ಇಲ್ಲೇ ಕೂಕಂಡಿದ್ರಲೆ."

ಎರಡು ವಾರದಲ್ಲಿ ಮನೆಯೊಳಗೆ ಮೊದಲ ತಮಾಷೆ. ಯಾರೂ ನಗಲಿಲ್ಲ.

ಅವನ ಬ್ಯಾಂಕಿನ ನಿತ್ಯಾನಂದ ಚಹಾಕ್ಕೆ ಬಂದಿದ್ದ. ಬೈಂದೂರಿನವನು, ಬಾಯಿ ಜೋರು. "ಹ್ವಾಯ್ ಅಣ್ಣಪ್ಪಣ್ಣ, ಪುರಿ ಎಂತಕ್ಕೆ? ದೀಘಾದಾಗೆ ನಮ್ ಯೂನಿಯನ್ನಿನ್ ಹಾಲಿಡೇ ಹೋಮ್ ಇತ್ತ್. ರೂಮಿಗೆ ದಿನಕ್ಕ್ ಮೂರ್ ರೂಪಾಯಿ. ಸ್ಟವ್ ನಿಮ್ದೇ, ಸೀಮೆಎಣ್ಣೆ ನಿಮ್ದೇ, ಸಮುದ್ರ ಮಾತ್ರ ಅವ್ರದ್ದ್." ಮತ್ತೆ ದನಿ ತಗ್ಗಿಸಿ, "ಚಳಿಗಾಲ್ದಾಗೆ ಅಲ್ಲಿ ಊರಿಡೀ ಈಚಲು ಮರ ಇಳಿಸ್ತ್ರ್. ಬೆಳಿಗ್ಗೆ ಸೀ ರಸ, ಸಂಜಿಗೆ ಹುಳಿ ಬಂದದ್ದ್. ನಿಮ್ಗ್ ಅದ್ರ ರುಚಿ ಗೊತ್ತಿಪ್ಕಿಲ್ಲ ಅಲ್ದಾ?"

ರಮಾನಾಥ ನನ್ನ ಮುಖ ನೋಡಿದ. ನಮ್ಮಪ್ಪನಿಗೆ ತೋಟವಿತ್ತು ಎಂದು ಆಫೀಸಿನಲ್ಲಿ ಹೇಳಿಕೊಂಡಿದ್ದಾನೆ. ತೋಟ ಇದ್ದದ್ದು ಹೌದು, ಬೇರೆಯವರದ್ದು. ನಾನು ಚಹಾ ಕುಡಿದು ಮುಗಿಸಿದೆ.

ನಿತ್ಯಾನಂದ ಹೋದ ಮೇಲೆ ಮಗನಿಗೆ ಖಡಾಖಂಡಿತ ಹೇಳಿದೆ: ದೀಘಾದಲ್ಲಿ ನೋಡುತ್ತೇನೆ. ಅಲ್ಲಿಯೂ ಇವಳು ಸರಿಯಾಗದಿದ್ದರೆ ಕೂಸನ್ನು ಊರಿಗೆ ಕರೆದುಕೊಂಡು ಹೋಗಿ ಚಂದ್ರಾವತಿಯ ಮಡಿಲಿಗೆ ಹಾಕುತ್ತೇನೆ. ಚಂದ್ರಾವತಿ ನನ್ನ ಮಗಳು, ಮೂರು ಸಾಕಿದವಳು, ನಾಲ್ಕನೆಯದು ಅವಳಿಗೆ ಭಾರವಲ್ಲ. ರಮಾನಾಥ ಕಿಟಕಿಯ ಹೊರಗೆ ನೋಡುತ್ತ ಹೂಂ ಅಂದ. ಜಯಂತಿ ಅಲ್ಲೇ ಬಾಗಿಲ ಬಳಿ ನಿಂತಿದ್ದಳು. ಕೇಳಿಸಿಕೊಂಡು ಅಡುಗೆಮನೆಗೆ ಹೋದಳು. ಹೆತ್ತವಳ ಹೊಟ್ಟೆ ಉರಿಯಬೇಡವೇ?

೧೬ ಡಿಸೆಂಬರ್

ಮದ್ರಾಸ್ ಮೇಲ್ ರೈಲಿಗೆ ನನ್ನ ಟಿಕೆಟ್ ಆಯಿತು, ಜನವರಿ ೧೯. ಕೂಸಿಗೆ ಟಿಕೆಟ್ ಬೇಡ. ದೀಘಾಕ್ಕೆ ಜನವರಿ ೮ರಿಂದ ಆರು ರಾತ್ರಿ ರೂಮು ಸಿಕ್ಕಿದೆ.

ಸಾಮಾನಿನ ಪಟ್ಟಿ ನಾನೇ ಬರೆದೆ. ಹಾಲಿನ ಪುಡಿ, ಅದು ಈ ಊರಿನಲ್ಲಿ ಈಗ ಚಿನ್ನವಾಗಿದೆ. ಗರಿಯಾಹಾಟಿನಲ್ಲಿ ಎರಡು ಗಂಟೆ ಕ್ಯೂ ನಿಂತರೆ ಒಂದು ಡಬ್ಬಿ. ಸೀಮೆಎಣ್ಣೆಯೂ ಹಾಗೆಯೇ. ಇಪ್ಪತ್ತು ಚೌಕ ಬಟ್ಟೆ, ಎಲ್ಲವೂ ನನ್ನ ಹಳೇ ಪಂಚೆ ಹರಿದದ್ದು. ಬಿಸಿನೀರಿನ ಫ್ಲಾಸ್ಕು, ಕೂಸಿಗೆ ಹಾಲು ಹಾಕುವ ಒಳಲೆ, ಮಂಕಿ ಟೋಪಿ. ಈ ಬಂಗಾಲಿಗಳು ಮಂಕಿ ಟೋಪಿ ಇಲ್ಲದೆ ಚಳಿಗಾಲ ಕಳೆಯುವುದಿಲ್ಲ, ಅವರನ್ನು ನೋಡಿ ನಾವೂ ಮಂಗಗಳಾದೆವು.

ನಿನಗೇನು ಬೇಕೆಂದು ಜಯಂತಿಯನ್ನು ಕೇಳಿದೆ.

"ಎಂತದೂ ಬ್ಯಾಡ." ಚೌಕ ಬಟ್ಟೆ ಮಡಚುತ್ತ ಕೇಳಿದಳು, "ಅಲ್ಲಿ ನನ್ನನ್ನ್ ಎಬ್ಸುದ್ ಯಾರ್?"

"ನಾನೇ. ಮತ್ಯಾರ್?"

ತಲೆ ಆಡಿಸಿದಳು. ಸರಿ ಎಂಬಂತೆ.

೮ ಜನವರಿ ೧೯೭೪, ದೀಘಾ

ಹೌರಾದಿಂದ ಖರಗ್‌ಪುರ ರೈಲು, ಅಲ್ಲಿಂದ ಬಸ್ಸು. ಬಸ್ಸಿನಲ್ಲಿ ಕೂಸು ನನ್ನ ಅಂಗಿಯ ಮೇಲೆ ಎರಡು ಸಲ ಕಕ್ಕಿತು. ಕಂಡಕ್ಟರ್ "ದಾದು, ಜಾನಲಾ, ಜಾನಲಾ" ಎಂದು ಕಿಟಕಿ ತೋರಿಸಿದ. ಕಿಟಕಿಯ ಹೊರಗೆ ಹಿಡಿಯಲು ಇದೇನು ಕೊಡೆಯೇ ಎಂದು ಕನ್ನಡದಲ್ಲೇ ಬೈದೆ. ಅವನಿಗೆ ಅರ್ಥವಾಯಿತು.

ರೂಮಿಗೆ ಎರಡು ಭಾಗ, ನಡುವೆ ತೆಳ್ಳನೆಯ ಹಲಗೆ. ಸಮುದ್ರ ಕಂದು ಬಣ್ಣ, ನೀರು ಒಂದು ಮೈಲಿ ದೂರ, ಉಳಿದದ್ದು ಕೆಸರು. ಇದನ್ನು ನೋಡಲು ಜನ ಇಷ್ಟು ದೂರ ಬರುತ್ತಾರಂತೆ.

ಜಯಂತಿ ಮೆಟ್ಟಿಲ ಮೇಲೆ ಕೂತು ಕತ್ತಲಾಗುವವರೆಗೆ ಅದನ್ನೇ ನೋಡಿದಳು.

೯ ಜನವರಿ

ನಾಲ್ಕೂವರೆಗೆ ಹಲಗೆ ಬಡಿದೆ. ಜಯಂತಿ ಎದ್ದಳು, ಸ್ಟವ್ ಹೊತ್ತಿಸಿದಳು. ಬೆಳಕು ಹರಿದ ಮೇಲೆ ನಾನು ತಿರುಗಾಡಲು ಹೋದೆ. ಗಾಳಿಮರದ ತೋಪು ದಾಟಿದರೆ ಗದ್ದೆಯ ಬದುವಿನ ಮೇಲೆ ಈಚಲು ಮರದ ಸಾಲು. ಈಚಲನ್ನು ನಾನು ಎಂದೂ ಮುಟ್ಟಿದವನಲ್ಲ, ಅದು ಘಟ್ಟದ ಮೇಲಿನವರ ಮರ. ಒಬ್ಬ ಸೊಂಟಕ್ಕೆ ಹಗ್ಗ ಸುತ್ತಿಕೊಂಡು ಮೇಲಿನಿಂದ ಮಡಕೆ ಇಳಿಸುತ್ತಿದ್ದ. ಅರ್ಧ ಮರಗಳಲ್ಲಿ ಮಡಕೆ, ಅರ್ಧದಲ್ಲಿ ಇಲ್ಲ. ನನಗೆ ಪಿತ್ತ ನೆತ್ತಿಗೇರಿತು.

"ಅರ್ಧ ಮರ ಯಾಕೆ ಖಾಲಿ ಬಿಟ್ಟಿದ್ದೀ? ಸೋಮಾರಿಯಾ?" ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ.

ಅವನು ಕೆಳಗಿಳಿದು ಮೊದಲು ನನ್ನ ಪಾದ ನೋಡಿದ. ಹೆಬ್ಬೆರಳು ಬೇರೆ, ಉಳಿದವು ಬೇರೆ ಎಂಬ ಹಾಗೆ ಅಗಲವಾದ ಪಾದ. ಅವನದ್ದೂ ಅಂಥದ್ದೇ. ನಕ್ಕುಬಿಟ್ಟ. "ದಾದಾ, ನೀವು ಯಾವ ಊರಿನ ಶಿಉಲಿ?"

ಮರ ಕೆತ್ತುವವನಿಗೆ ಇಲ್ಲಿ ಶಿಉಲಿ ಅನ್ನುತ್ತಾರಂತೆ. ಇವನು ಗೌರ್ ಮಾಯ್ತಿ, ನನಗಿಂತ ಹತ್ತು ವರ್ಷ ಚಿಕ್ಕವನಿರಬಹುದು. ಅರ್ಧ ಬಂಗಾಲಿ, ಅರ್ಧ ಹಿಂದಿ, ಉಳಿದದ್ದು ಕೈಸನ್ನೆ. ಈ ಮರವನ್ನು ಮೂರು ದಿನ ಕೆತ್ತಿದರೆ ಮತ್ತೆ ಮೂರು ದಿನ ಮುಟ್ಟಬಾರದು. ಗಾಯ ಒಣಗಬೇಕು. ಹಾಗೆ ಬಿಟ್ಟು ಮೊದಲ ದಿನ ಇಳಿಸಿದ ರಸಕ್ಕೆ ಜಿರೇನ್ ಎಂದು ಹೆಸರು, ಬೆಲೆಯೂ ಜಾಸ್ತಿ. ಜಿರೇನ್ ಅಂದರೆ ದಣಿವಾರಿಸಿಕೊಳ್ಳುವುದಂತೆ.

"ದಿನಾ ಕೆತ್ತಿದರೆ?"

ಕೈ ಹಿಡಿದು ಸಾಲಿನ ಕೊನೆಗೆ ಕರೆದುಕೊಂಡು ಹೋದ. ಅಲ್ಲೊಂದು ಮರ ನಿಂತಿತ್ತು, ತಲೆ ಕಳಚಿ ಬಿದ್ದು ಬರೀ ಬೊಡ್ಡೆ. ಅವನ ಭಾವಮೈದ ಒಂದು ಚಳಿಗಾಲ ಬಿಡದೆ ಕೆತ್ತಿದ್ದನಂತೆ.

"ರಸ ಬಂತಾ?"

"ಬಂತಲ್ಲ, ಕೊನೆಯ ದಿನದವರೆಗೂ ಬಂತು. ಅದೇ ತೊಂದರೆ ದಾದಾ. ಇದು ಇಲ್ಲ ಅನ್ನುವ ಮರವಲ್ಲ."

ಒಂದು ಲೋಟ ಕೊಟ್ಟ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ. ಹುಳಿ ಬರದಿರಲೆಂದು ಒಳಗೆ ಬಳಿಯುವ ಸುಣ್ಣವೂ ಇಲ್ಲದ ಮಡಕೆಯಲ್ಲಿ ರಸ ಇಷ್ಟು ಸಿಹಿಯಾಗಿ ಉಳಿಯುತ್ತದೆ ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಎರಡನೆಯ ಲೋಟ ಕೇಳಬೇಕೆಂದಿದ್ದೆ. ಕೇಳಲಿಲ್ಲ.

ಅವರ ಮರ ಬೇರೆ, ನಮ್ಮ ಮರ ಬೇರೆ. ವಿಷಯ ಅಷ್ಟೇ. ಯಾಕೆ ಇಷ್ಟುದ್ದ ಬರೆದೆನೋ.

೧೦ ಜನವರಿ

ಇವತ್ತು ಹಲಗೆ ಬಡಿಯಲಿಲ್ಲ. ವಿಪರೀತ ಚಳಿ, ಹೊದಿಕೆಯಿಂದ ಕೈ ಹೊರಗೆ ತೆಗೆಯಲು ಮನಸ್ಸಾಗಲಿಲ್ಲ. ಆರಕ್ಕೆ ಕೂಸು ಅಳತೊಡಗಿತು. ಅವಳು ಏಳುವ ಮೊದಲೇ ಹೋಗಿ ಎತ್ತಿಕೊಂಡು ಬಂದೆ, ಗದ್ದಲ ನನಗಾಗುವುದಿಲ್ಲ.

ರಮಾನಾಥ ಕಣ್ಣುಜ್ಜಿಕೊಂಡು ಬಂದ. "ಅಪ್ಪಯ್ಯ, ಅವ್ಳನ್ನ್ ಎಬ್ಸುದಾ?"

"ಮುಚ್ಕಂಡ್ ಮನಿಕೋ."

ಅವಳು ಮಧ್ಯಾಹ್ನ ಎರಡು ಗಂಟೆಗೆ ಎದ್ದು, ಗಡಿಯಾರ ನೋಡಿ, ಗೋಡೆಗೊರಗಿ ಕೈಯನ್ನು ಮುಖಕ್ಕೆ ಅಡ್ಡ ಹಿಡಿದಳು. ಹೊಡೆಯುತ್ತೇನೆಂದು ತಿಳಿದಳೋ ಏನೋ. ನಾನು ಯಾರಿಗೂ ಕೈ ಎತ್ತಿದವನಲ್ಲ. ಗಂಜಿ ಇದೆ ಉಣ್ಣು ಎಂದೆ. ಉಂಡು ಮತ್ತೆ ಮಲಗಿದಳು.

೧೧ ಜನವರಿ

ಮಲಗಿದ್ದಾಳೆ. ಕೂಸಿಗೆ ಭೇದಿ. ಹನ್ನೊಂದು ಬಟ್ಟೆ ಒಗೆದೆ. ಮಾಯ್ತಿಯ ಹೆಂಡತಿ ಬಿಸಿಲಿಗೆ ಹಾಕಲು ಹಗ್ಗ ಕೊಟ್ಟಳು, ಕಟ್ಟಿದ್ದು ಸರಿಯಿಲ್ಲವೆಂದು ಬೈದಳು. ಗಂಡಸರು ಕಟ್ಟುವ ಗಂಟೆಲ್ಲ ಮರ ಹತ್ತಲು ಮಾತ್ರ ಸರಿಯಂತೆ.

೧೨ ಜನವರಿ

ಭೇದಿ ನಿಂತಿತು. ಅವಳು ಮಲಗಿದ್ದಾಳೆ. ಸಂಜೆ ಮಾಯ್ತಿ ಹುಳಿ ಬಂದದ್ದು ಕೊಡಲು ಬಂದ. ತೊಡೆಯ ಮೇಲೆ ಕೂಸಿದೆ, ಬಾಯಿ ವಾಸನೆ ಬರುತ್ತದೆ ಎಂದು ವಾಪಸು ಕಳಿಸಿದೆ. ಅಂಥದ್ದನ್ನು ವಾಪಸು ಕಳಿಸಿದ್ದು ಜೀವಮಾನದಲ್ಲಿ ಇದೇ ಮೊದಲು.

೧೩ ಜನವರಿ

ಮೂರು ದಿನ ಮಲಗಿದಳು. ಇವತ್ತು ಎದ್ದು ನಗುತ್ತಾಳೆಂದು ನಾನು ಯಾಕೆ ಕಾದೆನೋ. ಎಂಟಕ್ಕೆ ಎದ್ದಳು. ಅದೇ ಕಣ್ಣು, ಅದೇ ಮುಖ. ಮನುಷ್ಯರು ಮರವಲ್ಲ.

ರಮಾನಾಥ ಮೀನು ತರಲು ಹೋಗಿದ್ದ. ಅವಳು ಬಂದು ಮೆಟ್ಟಿಲ ಮೇಲೆ ನನ್ನಿಂದ ಎರಡು ಮಾರು ದೂರ ಕೂತಳು.

"ಮಾವಯ್ಯ, ಹತ್ತೊಂಬತ್ತಕ್ಕೆ ಕೂಸನ್ನ್ ಕರ್ಕಂಡ್ ಹೋಯ್ನಿ. ರೈಲ್ ತಪ್ಪಿಸ್ಬೇಡಿ."

ನನಗೆ ಬೇಕಾದದ್ದೂ ಅದೇ. ಹೂಂ ಅನ್ನಲು ಬಾಯಿ ತೆರೆದೆ.

"ಅವತ್ತ್ ಸ್ಟೇಷನ್ನಿನಾಗೆ ನಾ ಮರ್ತದ್ದಲ್ಲ. ಬಿಟ್ಟದ್ದ್."

ಸಮುದ್ರದ ಕಡೆಗೇ ಮುಖ ಮಾಡಿ, ಬೇರೆ ಯಾರದೋ ಕಥೆ ಹೇಳುವ ಹಾಗೆ ಹೇಳಿದಳು. ಗೋಡೆ ಬಡಿಯುವ ಶಬ್ದ ಹಗಲಿಡೀ ತಲೆಯೊಳಗೆ ಕೇಳುತ್ತಿತ್ತಂತೆ. ಲೋಕಲ್ ಬರುತ್ತಿತ್ತು, ಮುಂದೆ ಎರಡು ಹೆಜ್ಜೆ ಇಟ್ಟರೆ ಎಲ್ಲ ನಿಲ್ಲುತ್ತದೆ ಅನ್ನಿಸಿತಂತೆ. "ಕೂಸ್ ಕಂಕುಳಾಗೆ ಇತ್ತ್. ಅದ್ ಎಂತ ಮಾಡಿತ್ತ್, ಪಾಪ? ಹಾಂಗಾಯಿ ಬೆಂಚಿನ್ ಮೇಲ್ ಇಟ್ಟೆ. ಇಟ್ಟ್ ಮೇಲೆ ಕಾಲ್ ಎತ್ತುಕ್ ಆಯ್ಲಿಲ್ಲ. ರೈಲ್ ಹೋಯ್ತ್. ನಾ ಮನೆಗ್ ಬಂದೆ."

ಮತ್ತೆ ಹೇಳಿದಳು, "ನನ್ನ್ ಹತ್ರ ಇದ್ರೆ ಅದ್ಕೆ ಎಂತಾರೂ ಆತ್ತ್. ಕರ್ಕಂಡ್ ಹೋಯ್ನಿ."

ಕೂಸು ನನ್ನ ತೊಡೆಯ ಮೇಲೆ ಮಂಕಿ ಟೋಪಿ ಚೀಪುತ್ತಿತ್ತು. ನನ್ನ ಬಾಯಿಂದ ಬಂದದ್ದು ಬೇರೆಯೇ ಮಾತು.

"ಡಾಕ್ಟರಮ್ಮ ನಿನ್ನನ್ನ್ ತಿಂಗ್ಳಿಡೀ ಮನಿಕಂಬುಕೆ ಬಿಡಿ ಅಂದಿದ್ಲ್. ನಾ ರಮಾನಾಥನಿಗ್ ಹೇಳ್ಲಿಲ್ಲ."

"ಗೊತ್ತಿತ್ತ್. ಮಧ್ಯ ಇದ್ದದ್ದ್ ಒಂದ್ ಪರದೆ ಅಲ್ದಾ?"

"ಹಾಂಗಾರೆ ನೀನೇ ಗಂಡನಿಗ್ ಎಂತಕ್ಕ್ ಹೇಳ್ಲಿಲ್ಲೆ?"

"ನೀವ್ ಇವತ್ತ್ ಹೇಳ್ತ್ರಿ, ನಾಳೆ ಹೇಳ್ತ್ರಿ ಅಂದ್ಕಂಡೆ."

ಅಷ್ಟು ಹೇಳಿ ಎದ್ದು ಒಳಗೆ ಹೋದಳು. ನಾನು ಅಲ್ಲೇ ಕೂತಿದ್ದೆ. ಬಿಸಿಲು ಕಾಲಿನಿಂದ ತಲೆಯವರೆಗೆ ಬಂತು. ರಮಾನಾಥ ಮೀನು ತಂದು, ಅಪ್ಪಯ್ಯ ಇದು ತಾಜಾ ಇದೆಯಾ ನೋಡಿ ಎಂದ. ನೋಡಿದೆ. ಏನು ಹೇಳಿದೆನೋ ನೆನಪಿಲ್ಲ.

೧೫ ಜನವರಿ, ಕಲ್ಕತ್ತಾ

ಮಗನಿಗೆ ಎಲ್ಲ ಹೇಳಿದೆ. ಡಾಕ್ಟರಮ್ಮನ ಮಾತು, ಸ್ಟೇಷನ್ನಿನ ಮಾತು, ಎರಡೂ. ಅವನು ಊಟದ ತಟ್ಟೆ ದೂಡಿ ಎದ್ದ. ಎದುರಾಡದ ಹುಡುಗ.

"ನೀವ್ ಮನುಷ್ಯರಾ ಅಪ್ಪಯ್ಯ?"

ಹೆತ್ತ ಅಪ್ಪನಿಗೆ ಕೇಳುವ ಮಾತೇ ಇದು? ಬೈಯಬೇಕೆಂದು ನಿಂತೆ. ಅವನ ತಟ್ಟೆ ತೆಗೆದು ತೊಳೆದಿಟ್ಟೆ.

ಜಯಂತಿಯನ್ನು ಅವನೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ. ಈ ಸಲ ಎಲ್ಲವನ್ನೂ ಕಾಗದದ ಮೇಲೆ ಬರೆಸಿಕೊಂಡು ಬಂದ. ಮಾತ್ರೆ ಕೊಟ್ಟಿದ್ದಾಳಂತೆ. ತಿಂಗಳುಗಟ್ಟಲೆ ಹಿಡಿಯಬಹುದು, ಸರಿಯಾಗದೆಯೂ ಇರಬಹುದು, ಒಬ್ಬಳನ್ನೇ ಎಲ್ಲಿಗೂ ಕಳಿಸಬೇಡಿ ಅಂದಳಂತೆ.

೧೬ ಜನವರಿ

ಟಿಕೆಟ್ ವಾಪಸು ಮಾಡಿಸಿದೆ. ಮೊಣಕಾಲು ಬಹಳ ನೋಯುತ್ತಿದೆ, ಮೂರು ದಿನದ ರೈಲು ಪ್ರಯಾಣ ನನ್ನಿಂದಾಗುವುದಿಲ್ಲ. ಕೂಸಿನ ಹೊಟ್ಟೆಯೂ ಈಗಷ್ಟೇ ನೆಟ್ಟಗಾಗಿದೆ. ಚಂದ್ರಾವತಿಗೆ ಹಾಗೆಂದೇ ಕಾಗದ ಬರೆದೆ. ಮೊಣಕಾಲಿನ ವಿಷಯ ಮಾತ್ರ ಬರೆದೆ.

ಊರಿಗೆ ಹೋಗುವುದಿಲ್ಲ ಎಂದು ಜಯಂತಿಗೂ ಹೇಳಿದೆ. "ಕೂಸ್ ಇಲ್ಲೇ ಇರ್ತ್. ನಾ ಹಿಡ್ಕಂತೆ. ನೀ ಮುಟ್ಟುದೇ ಬ್ಯಾಡ. ಮನಿಕೋ."

ಅವಳು ಗೋಡೆಯ ಕಡೆ ತಿರುಗಿ ಅತ್ತಳು. ನಾನು ಒಳ್ಳೆಯದನ್ನೇ ಹೇಳಿದ್ದು. ಯಾಕೆ ಅತ್ತಳೋ.

೨೭ ಜನವರಿ

ಹತ್ತು ದಿನ ಬರೆಯಲಾಗಲಿಲ್ಲ, ಕೈ ಬಿಡುವಿಲ್ಲ. ಈ ಊರಿನ ಚಳಿ, ಈ ಊರಿನ ಹೊಗೆ, ದಿನಕ್ಕೆ ನಾಲ್ಕು ಗಂಟೆ ಲೋಡ್ ಶೆಡ್ಡಿಂಗ್. ಜಯಂತಿ ಮಲಗುತ್ತಾಳೆ, ಏಳುತ್ತಾಳೆ. ಕೆಲವು ದಿನ ಉಣ್ಣುತ್ತಾಳೆ, ಕೆಲವು ದಿನ ತಟ್ಟೆ ಹಾಗೆಯೇ ಇರುತ್ತದೆ. ಬುಧವಾರ ಇಡೀ ದಿನ ಒಂದು ಮಾತಿಲ್ಲ. ಕೂಸನ್ನು ಪಕ್ಕದ ಮನೆಯದೆಂಬಂತೆ ನೋಡುತ್ತಾಳೆ. ನಾವು ಮನೆಯಲ್ಲಿ ಒಬ್ಬರಲ್ಲ ಒಬ್ಬರು ಅವಳ ಬಳಿ ಇರುತ್ತೇವೆ. ಬೀದಿ ಬಾಗಿಲಿನ ಕೀಲಿ ನನ್ನ ಸೊಂಟದಲ್ಲಿದೆ.

ಇವತ್ತು ಸಂಜೆ ಒಂದು ಘಟನೆ ನಡೆಯಿತು. ದೀಪ ಹೋಗಿತ್ತು. ಮೇಣದ ಬತ್ತಿಯ ಬೆಳಕಿನಲ್ಲಿ ಕೂಸಿಗೆ ಒಳಲೆಯಲ್ಲಿ ಹಾಲು ಹಾಕಲು ಕೂತಿ‌ದ್ದೆ. ಅದು ಬಾಯಿ ತಿರುಗಿಸಿ ಚೀರಿತು. ಮತ್ತೆ ಹಿಡಿದೆ, ಮತ್ತೆ ಚೀರಿತು. ಹಿಂದಿನಿಂದ ಜಯಂತಿ ಬಂದದ್ದು ಗೊತ್ತಾಗಲಿಲ್ಲ.

"ನಿಮ್ಗ್ ಕಣ್ಣ್ ಕಾಂತಿಲ್ಯಾ? ಹೊಗೆ ಏಳ್ತಿತ್ತ್! ಅದ್ರ ನಾಲ್ಗೆ ಸುಟ್ಟ್ ಹೋತ್ತ್! ಇಲ್ಲ್ ಕೊಡಿ!"

ನನ್ನ ಕೈಯಿಂದ ಒಳಲೆಯನ್ನು ಕಿತ್ತುಕೊಂಡಳು. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿದಳು. ಬಟ್ಟಲಿನಿಂದ ಬಟ್ಟಲಿಗೆ ಮೂರು ಸಲ ಎತ್ತಿ ಹೊಯ್ದಳು. ಅರ್ಧ ನೆಲಕ್ಕೆ ಚೆಲ್ಲಿತು. ಮತ್ತೊಂದು ಹನಿ ಬಿಟ್ಟು ನೋಡಿ, ಒಳಲೆಯನ್ನು ನನ್ನ ಕೈಗೆ ಕುಕ್ಕಿ ಒಳಗೆ ಹೋದಳು. ಕೂಸನ್ನು ಎತ್ತಿಕೊಳ್ಳಲಿಲ್ಲ.

ಅರವತ್ತೆರಡು ವರ್ಷದ ಮಾವನಿಗೆ ಹೀಗೆ ಕಿರುಚುವುದೇ? ಗುಲಾಬಿಯೂ ನನಗೆ ಯಾವತ್ತೂ ಇಷ್ಟು ಗಟ್ಟಿಯಾಗಿ ಮಾತಾಡಿದ್ದಿಲ್ಲ. ರಮಾನಾಥ ಬರಲಿ, ಹೇಳಬೇಕು ಎಂದುಕೊಂಡೆ. ಅವನು ಬಂದು ಊಟ ಮುಗಿಸಿದ್ದಾನೆ. ಇನ್ನೂ ಹೇಳಿಲ್ಲ.

ಹಾಲು ಬಿಸಿ ಇದ್ದದ್ದು ಹೌದು.